ಹಾಲವ್ವನ ಅರ್ಧ ತಾಸು

ಆ ದಿನಗಳಲ್ಲಿ ನಮ್ಮ ಶಾಲೆಯ ಹೆಡ್‌ಮಾಸ್ಟರ ಕೋಣೆಗೂ ಚಪ್ಪಲಿ ಹಾಕಿಕೊಂಡೇ ನುಗ್ಗುತ್ತಿದ್ದೆವು, ಕಂಪ್ಯೂಟರ್ ಕೋಣೆಗೆ ಮಾತ್ರ ಬರಿಗಾಲಲ್ಲಿ ಹೋಗಬೇಕಿತ್ತು. ಆರು ಕಂಪ್ಯೂಟರುಗಳಿದ್ದವು, ಅವುಗಳಲ್ಲಿ ಜೀವ ಇದ್ದದ್ದು ಮೂರಕ್ಕೆ. ಹೊಸ ಪ್ಲಾಸ್ಟಿಕ್ ಹೊದಿಕೆಯ ವಾಸನೆಯ ಜೊತೆಗೆ ನಮ್ಮ ಕಾಲಿನ ಗದ್ದೆ ಕೆಸರಿನ ವಾಸನೆಯೂ ಸೇರಿ ಆ ಕೋಣೆಗೆ ಅದರದ್ದೇ ಒಂದು ಘಮ ಬಂದಿತ್ತು. ಶಿಕಾರಿಪುರದ ಕಡೆಯ ಹಳ್ಳಿ ಶಾಲೆಗಳಲ್ಲಿ ಆಗ ಓದಿದವರಿಗೆ ಅದು ಗೊತ್ತಿರುತ್ತದೆ.

ನಾನಾಗ ಎಂಟನೇ ಕ್ಲಾಸು. ನಮಗೆ ಕೋಡಿಂಗ್ ಕಲಿಸಲು ಸೊರಬದ ಕಡೆಯಿಂದ ಶೈಲಜಾ ಮಿಸ್ ಬರುತ್ತಿದ್ದರು, ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ. ಅವರ ಮಾತಿನಲ್ಲಿ ಗಳಿಗೆಗೊಂದು ‘ಮಾರಾಯ್ತಿ’ ಇರುತ್ತಿತ್ತು. ಮೊದಲ ದಿನವೇ ಬೋರ್ಡಿನ ಮೇಲೆ ‘ಎಕ್ಸ್ ಈಕ್ವಲ್ಸ್ ಎಕ್ಸ್ ಪ್ಲಸ್ ಒಂದು’ ಎಂದು ಬರೆದರು. ನನ್ನ ತಲೆ ಗಿರ್ರೆಂದಿತು. ಅದನ್ನು ಗಣಿತದ ಮೇಷ್ಟ್ರಿಗೆ ತೋರಿಸಿದರೆ ಅವರು ಕೆಂಪು ಪೆನ್ನಿನಿಂದ ಅಡ್ಡಗೀಟು ಎಳೆದು ಕೊಟ್ಟರು. ಡಬ್ಬಿಯಲ್ಲಿರುವುದನ್ನು ತೆಗೆದು, ಒಂದು ಸೇರಿಸಿ, ಮತ್ತೆ ಅದೇ ಡಬ್ಬಿಗೆ ಹಾಕುವುದು ಎಂದು ಮಿಸ್ ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ಯಾವ ಡಬ್ಬಿ, ಎಲ್ಲಿಯ ಡಬ್ಬಿ, ಒಂದೂ ಅರ್ಥವಾಗಿರಲಿಲ್ಲ.

ಅರ್ಥವಾದದ್ದು ಒಂದೇ, ಇಫ್ ಮತ್ತು ಎಲ್ಸ್. ಹೀಗಾದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು. ಊಟದ ಬಿಡುವಿನಲ್ಲಿ ಕುಂಟೆಬಿಲ್ಲೆ ಆಡುವಾಗಲೂ ಇಫ್ ಗೆರೆ ತುಳಿದರೆ ಔಟು, ಎಲ್ಸ್ ಮುಂದಿನ ಮನೆ ಎಂದು ಕೂಗಾಡುತ್ತಿದ್ದೆವು. ಹೀಗಿರುವಾಗ ಮಿಸ್ ಎಲ್ಲರಿಗೂ ಒಂದು ಕೆಲಸ ಹಚ್ಚಿದರು. ನಮ್ಮ ನಮ್ಮ ಮನೆಯ ಒಂದು ಕೆಲಸವನ್ನು ಕಂಪ್ಯೂಟರಿಗೆ ಕಲಿಸಬೇಕು.

ನಮ್ಮಪ್ಪ ನೀರಗಂಟಿ. ಅಂಬ್ಲಿಗೊಳ ಜಲಾಶಯದ ನೀರು ನಮ್ಮೂರಿನ ಸಣ್ಣ ಕಾಲುವೆಗೆ ಬಂದಾಗ ಯಾರ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಊರಿನವರೇ ಸೇರಿ ಅವನನ್ನು ಆರಿಸಿದ್ದರು. ಎಲ್ಲರ ಪಾಳಿಯೂ ಅವನ ತಲೆಯೊಳಗೆ ಇತ್ತು, ಒಂದು ಚೀಟಿಯಲ್ಲೂ ಬರೆದಿಟ್ಟಿರಲಿಲ್ಲ. ನಾನು ಇದನ್ನೇ ಕಲಿಸುತ್ತೇನೆ ಎಂದು ಹೊರಟೆ. ನಿಯಮ ಏನು ಎಂದು ಕೇಳಿದ್ದಕ್ಕೆ ಅಪ್ಪ, ಮೇಲಿಂದ ಕೆಳಕ್ಕೆ, ಎಕರೆಗೆ ಒಂದು ತಾಸು, ಅಷ್ಟೇ ಎಂದ. ಎರಡೇ ದಿನದಲ್ಲಿ ಬರೆದು ಮುಗಿಸಿದೆ. ಕಂಪ್ಯೂಟರು ಪಟ್ಟಿ ಕೊಟ್ಟಿತು. ಆದರೆ ಕಾಲುವೆಯಲ್ಲಿ ಆಗುತ್ತಿದ್ದುದಕ್ಕೂ ಆ ಪಟ್ಟಿಗೂ ಸಂಬಂಧವೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ರೊಟ್ಟಿ ಒಯ್ಯುವ ನೆವದಲ್ಲಿ ನೋಟ್‌ಬುಕ್ ಹಿಡಿದು ಕಾಲುವೆಗೆ ಹೋಗತೊಡಗಿದೆ. ಗಂಗಪ್ಪನಿಗೆ ಯಾಕೆ ಅರ್ಧ ತಾಸು ಜಾಸ್ತಿ ಎಂದು ಕೇಳಿದರೆ, ಅವನದು ಮರಳು ನೆಲ, ನೀರು ನಿಲ್ಲುವುದಿಲ್ಲ ಎಂದ. ಒಂದು ಇಫ್ ಬರೆದುಕೊಂಡೆ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರ ಪಾಳಿ ಒಂದರ ಹಿಂದೊಂದು ಬರಬಾರದು, ಬಂದರೆ ಬದುವಿನ ಮೇಲೆ ಎದುರಾಗಿ ಜಗಳ ತೆಗೆಯುತ್ತಾರೆ. ಇನ್ನೊಂದು ಇಫ್. ಸಾವಾದ ಮನೆಯ ಪಾಳಿಯನ್ನು ಕಾರ್ಯ ಮುಗಿಯುವವರೆಗೆ ಮುಂದೆ ಹಾಕಬೇಕು. ಗಂಡನಿಗೆ ಕಾಲಿಲ್ಲದ ಮನೆಯ ಹೆಂಗಸು ಒಬ್ಬಳೇ ಬರುವುದರಿಂದ ಅವಳಿಗೆ ಹಗಲಿನಲ್ಲೇ ಬಿಡಬೇಕು.

ನನ್ನ ತಲೆ ಕೆಟ್ಟುಹೋಯಿತು. ಒಂದು ಇಫ್ ಬರೆದರೆ ಅದರ ಹೊಟ್ಟೆಯೊಳಗೆ ಮತ್ತೆರಡು ಹುಟ್ಟುತ್ತಿದ್ದವು. ಆದರೆ ಮನೆಯಲ್ಲಿ ಹೂಂ, ಉಹೂಂ ಎರಡರಲ್ಲೇ ದಿನ ಕಳೆಯುತ್ತಿದ್ದ ಅಪ್ಪ ಅಲ್ಲಿ ಸಲಿಕೆ ಊರಿಕೊಂಡು ತಾನಾಗಿಯೇ ಹೇಳುತ್ತಿದ್ದ. ರೊಟ್ಟಿಯ ಜೊತೆ ಹರಿವೆ ಸೊಪ್ಪಿನ ಪಲ್ಯ ಇರುತ್ತಿತ್ತು. ಅದರ ಕೆಂಪು ರಸ ನನ್ನ ನೋಟ್‌ಬುಕ್ಕಿಗೆಲ್ಲ ಅಂಟಿತ್ತು. ಅಪ್ಪನ ಜೊತೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು, ನನಗೆ ಎಲ್ಲಿಲ್ಲದ ಖುಷಿ.

ಅಷ್ಟೆಲ್ಲ ಆದ ಮೇಲೂ ಪಾಳಿಯ ಪ್ರತಿ ಸುತ್ತಿನಲ್ಲೂ ಅರ್ಧ ತಾಸು ನನ್ನ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಿತ್ತು. ಅದು ಹೋಗುವ ಜಾಗವನ್ನು ಒಂದು ಭಾನುವಾರ ಕಣ್ಣಾರೆ ಕಂಡೆ. ಕಾಲುವೆ ಏರಿಯ ಕೆಳಗೆ ಹಾಲವ್ವ ಎಂಬ ಒಂಟಿ ಮುದುಕಿ ಒಂದು ತುಂಡು ಜಾಗದಲ್ಲಿ ಹರಿವೆ, ಮೂಲಂಗಿ, ಬದನೆ ಬೆಳೆಯುತ್ತಿದ್ದಳು. ಅದು ಸರ್ಕಾರದ ಜಾಗ. ಅವಳ ಹೆಸರಿನಲ್ಲಿ ಪಹಣಿ ಇಲ್ಲ, ಹಾಗಾಗಿ ನೀರಿನ ಹಕ್ಕೂ ಇಲ್ಲ. ಅಪ್ಪ ಅವಳ ಮಡಿಗಳಿಗೆ ನೀರು ತಿರುಗಿಸಿ ಬೇರೆ ಕಡೆ ನೋಡುತ್ತಾ ನಿಂತಿದ್ದ.

“ಅದನ್ನ ಬರೀಬ್ಯಾಡವ್ವ” ಎಂದ.

“ಬರೀದಿದ್ರೆ ಲೆಕ್ಕ ಕೂಡಲ್ಲಪ್ಪ.”

“ಕೂಡ್ದಿದ್ರೆ ಬಿಡು.”

ಬಿಡುವುದು ಹೇಗೆ? ಕಂಪ್ಯೂಟರಿಗೆ ಒಂದು ಸುಳ್ಳು ಹೇಳಿದರೂ ಮುಂದಿನದೆಲ್ಲ ತಪ್ಪಾಗುತ್ತದೆ ಎಂದು ಮಿಸ್ ಹೇಳಿದ್ದರು. ಅಪ್ಪ ಬೇಡ ಅನ್ನುತ್ತಾನೆ, ಮಿಸ್ ಬೇಕು ಅನ್ನುತ್ತಾರೆ. ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಬರೆದೇಬಿಟ್ಟೆ: ಹಾಲವ್ವ, ಅರ್ಧ ತಾಸು. ಪಟ್ಟಿ ಕಾಲುವೆಯ ಜೊತೆ ಗೆರೆ ಕೊರೆದ ಹಾಗೆ ಕೂಡಿತು. ನಾನು ಕುರ್ಚಿಯ ಮೇಲೇ ಕುಣಿದಾಡಿದೆ. “ಏನೇ ಮಾರಾಯ್ತಿ, ಇಷ್ಟೆಲ್ಲ ನಿನ್ನ ತಲೇಲಿತ್ತಾ?” ಎಂದರು ಮಿಸ್. ನನ್ನ ತಲೆಯಲ್ಲಿ ಇದ್ದದ್ದಲ್ಲ, ಅಪ್ಪನ ತಲೆಯಲ್ಲಿ ಇದ್ದದ್ದು ಎಂದು ನಾನು ಹೇಳಲಿಲ್ಲ. ಆಗ ಅದು ಹೊಳೆಯಲೂ ಇಲ್ಲ.

ಪಾಲಕರ ಸಭೆಯ ದಿನ ಮಿಸ್ ನಮ್ಮೆಲ್ಲರ ಹಾಳೆಗಳನ್ನು ಗೋಡೆಗೆ ಅಂಟಿಸಿದರು. ಬೇರೆಯವರ ಹಾಳೆಯ ಮುಂದೆ ಯಾರೂ ನಿಲ್ಲಲಿಲ್ಲ, ನನ್ನದರ ಮುಂದೆ ಗುಂಪು ಸೇರಿತು. ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕುತ್ತಿದ್ದರು. ನಾನು ಉಬ್ಬಿಹೋಗಿದ್ದೆ. ಬಸಪ್ಪ ಎನ್ನುವವನ ಗದ್ದೆ ಕಾಲುವೆಯ ಕಟ್ಟಕಡೆಗೆ ಇತ್ತು. ಆ ವರ್ಷ ಅಲ್ಲಿಗೆ ನೀರು ಸರಿಯಾಗಿ ಮುಟ್ಟದೆ ಅವನ ಬೇಸಿಗೆ ಭತ್ತ ಹಳದಿಗೆ ತಿರುಗಿತ್ತು. ಅವನು ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಬಂದು ಹಾಲವ್ವನ ಹೆಸರಿನ ಮೇಲೆ ಬೆರಳು ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಕಾಲುವೆಯ ಮೇಲೆ ಊರು ಸೇರಿತು. ನನ್ನನ್ನೂ ಕರೆದರು. ಬಸಪ್ಪ ಕೂಗಾಡಲಿಲ್ಲ, ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. “ಪಹಣಿ ಇಲ್ಲದ ಜಾಗಕ್ಕೆ ನೀರು, ನಿಮ್ಮ ಮನೀಗೆ ಸೊಪ್ಪು. ನನ್ನ ಭತ್ತ ಒಣಗಿದ್ದು ಯಾರಿಗೆ ಹೇಳ್ಲಿ ಮಂಜಪ್ಪ?” ಎಂದು ಅಪ್ಪನನ್ನು ಕೇಳಿದ. ಸೊಪ್ಪು ನಿಜ. ವಾರಕ್ಕೊಂದು ಕಟ್ಟು ಹರಿವೆಯನ್ನು ಹಾಲವ್ವ ನಮ್ಮ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಅದು ಪ್ರೀತಿಗೆ ಕೊಟ್ಟದ್ದೋ ಲಂಚವೋ ಎಂದು ಅದುವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸಿದಷ್ಟೂ ಗೋಜಲಾಯಿತು.

ಗಂಗಪ್ಪ ಅಪ್ಪನನ್ನು ಉಳಿಸಲು ನೋಡಿದ. ಸಣ್ಣ ಹುಡುಗಿ, ಏನೋ ತಪ್ಪು ಬರೆದಿರಬೇಕು ಎಂದ. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೌದು ಅನ್ನಲು ಬಾಯಿ ತೆರೆದಿದ್ದೆ ಕೂಡ. ಅಪ್ಪ ನನ್ನ ಮುಖ ನೋಡಿದ.

“ಹುಡುಗಿ ಬರ್ದಿದ್ದು ಸರಿ ಐತಿ. ನೀರು ಬಿಟ್ಟಿದ್ದು ನಾನೇ.”

ಯಾಕೆ ಹಾಗೆಂದ? ಮಗಳ ಲೆಕ್ಕ ತಪ್ಪಾಗಬಾರದೆಂದೋ, ಸುಳ್ಳು ಹೇಳಲು ಬಾರದೆಯೋ, ಸಾಕಾಗಿತ್ತೋ. ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅಪ್ಪನನ್ನು ಯಾರೂ ತೆಗೆದುಹಾಕಲಿಲ್ಲ. ಆದರೆ ಇನ್ನು ಮುಂದೆ ಯಾರ ಮರ್ಜಿಯೂ ಬೇಡ, ಬರೀ ಎಕರೆ ಲೆಕ್ಕದ ಪಟ್ಟಿ ಸಾಕು ಎಂದು ತೀರ್ಮಾನವಾಯಿತು. ಅಂಥದ್ದು ನನ್ನ ಬಳಿ ಇದ್ದೇ ಇತ್ತು, ಒಂದೂ ಇಫ್ ಇಲ್ಲದ ಆ ಮೊದಲ ಪಟ್ಟಿ. ಮಿಸ್ ಮನೆಗೊಂದು ಪ್ರತಿ ತೆಗೆದುಕೊಟ್ಟರು. ಬಸಪ್ಪನ ಭತ್ತಕ್ಕೆ ನೀರು ಮುಟ್ಟಿತು, ಅರ್ಧ ಬೆಳೆಯಾದರೂ ಕೈಗೆ ಬಂತು. ಗಂಗಪ್ಪನ ಮರಳು ಗದ್ದೆಯ ಪೈರು ಬಾಡಿತು. ಎಲ್ಲರ ಪಾಳಿಯನ್ನೂ ಕಣ್ಣುಮುಚ್ಚಿ ಹೇಳುತ್ತಿದ್ದ ಅಪ್ಪ ಕಾಲುವೆಯ ಮೇಲೆ ನಿಂತು ಹಾಳೆ ಬಿಡಿಸಿ, “ಮುಂದೆ ಯಾರವ್ವ?” ಎಂದು ನನ್ನನ್ನು ಕೇಳುತ್ತಿದ್ದ.

ಹಾಲವ್ವನ ಹರಿವೆ ಒಣಗಿತು. ಅವಳಿಗೆ ಮುಖ ತೋರಿಸಲಾರದೆ ನಾನು ಶಾಲೆಗೆ ಸುತ್ತು ದಾರಿ ಹಿಡಿದೆ. ಒಂದು ದಿನ ಸಿಕ್ಕಿಬಿದ್ದೆ. ಬೈಯುತ್ತಾಳೆ ಎಂದುಕೊಂಡು ತಲೆ ತಗ್ಗಿಸಿ ನಿಂತರೆ ಅವಳು ಕೇಳಿದ್ದೇ ಬೇರೆ. “ಕಂಪ್ಯೂಟರಿನಾಗ ನನ್ನ ಹೆಸರು ಬಂದಿತ್ತಂತಲ್ಲವ್ವ, ಹೌದಾ? ಯಾವ ಕಾಗದದಾಗೂ ನಂದು ಬಂದಿದ್ದಿಲ್ಲ ನೋಡು.” ಆ ಹಾಳೆ ಇದ್ದರೆ ಕೊಡು ಎಂದಳು. ಕೊಟ್ಟೆ. ಓದಲು ಬಾರದ ಅವಳು ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಕೈಯಾಡಿಸಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಮನೆಗೆ ಬಂದು ಅತ್ತೆ. ಯಾರಿಗಾಗಿ ಅತ್ತೆನೋ ಆಗಲೂ ಗೊತ್ತಾಗಲಿಲ್ಲ.

ಈಗ ನಾನೇ ಸೊರಬದ ಶಾಲೆಯೊಂದರಲ್ಲಿ ಮಕ್ಕಳಿಗೆ ಕೋಡಿಂಗ್ ಹೇಳಿಕೊಡುತ್ತೇನೆ. ನಮ್ಮೂರಿನ ನೀರಿನ ಪಾಳಿ ಫೋನಿಗೆ ಬರುತ್ತದೆ, ನಿಮಿಷ ತಪ್ಪುವುದಿಲ್ಲ. ಜಗಳಗಳು ಕಡಿಮೆಯಾಗಿವೆ. ಮನೆಯಲ್ಲಿ ಸಾವಾದರೂ ಪಾಳಿಯ ಹೊತ್ತಿಗೆ ಯಾರಾದರೂ ಸಲಿಕೆ ಹಿಡಿದು ಗದ್ದೆಗೆ ಹೋಗಲೇಬೇಕು. ಹಾಲವ್ವ ಈಗಿಲ್ಲ, ಅವಳ ಮಡಿಗಳ ಜಾಗದಲ್ಲಿ ಮುಳ್ಳು ಬೆಳೆದಿದೆ.

ಹೋದ ವರ್ಷ ಊರಿಗೆ ಹೋದಾಗ ಅಪ್ಪನ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂತೆ. ಆಗಿನ ಪಾಳಿಯ ಎಲ್ಲ ಷರತ್ತನ್ನೂ ಹೇಳಪ್ಪ, ಈಗ ನನಗೆ ಸರಿಯಾಗಿ ಬರೆಯಲು ಬರುತ್ತದೆ, ಯಾರಿಗೂ ತೋರಿಸುವುದಿಲ್ಲ ಎಂದೆ. ಅವನು ಬೆರಳು ಮಡಚಿ ಎಣಿಸತೊಡಗಿದ. ನಾಲ್ಕೈದು ಹೇಳಿದ, ಆಮೇಲೆ ಹೆಸರುಗಳು ಅದಲುಬದಲಾದವು.

“ಪಟ್ಟಿ ಬಂದ ಮ್ಯಾಲೆ ನೆನಪಿಟ್ಕೊಳ್ಳೋದೇ ಬೇಕಾಗ್ಲಿಲ್ಲವ್ವ” ಎಂದ. ಬೇಸರದಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಆಗ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡಿದ್ದು ಇಪ್ಪತ್ತಮೂರು ಇಫ್. ಅವನ ತಲೆಯಲ್ಲಿ ಇನ್ನೆಷ್ಟು ಇದ್ದವೋ ನನಗೆ ಗೊತ್ತಿಲ್ಲ. ಈಗ ಅಪ್ಪನಿಗೂ ಗೊತ್ತಿಲ್ಲ.