ಹನ್ನೆರಡು ಬಾಗಿಲುಗಳ ತೋಟದ ಮನೆ

ಹದಿನೆಂಟು ಸಾವಿರ ರಿಯಾಲ್ ಕೊಟ್ಟೆ. ಮನೆಗಲ್ಲ, ಅದನ್ನು ಕೆಡವುವ ಮುಂಚೆ ಒಳಗಿದ್ದದ್ದನ್ನು ಬಿಚ್ಚಿಕೊಂಡು ಹೋಗುವ ಹಕ್ಕಿಗೆ. ಮನೆಯವರು ಇಪ್ಪತ್ತೈದು ಹೇಳಿದ್ದರು, ಎರಡು ವಾರ ಕಾಡಿಸಿ ಇಳಿಸಿದೆ. ಅಷ್ಟಾದರೂ ಯಾಕೆ ಕೊಟ್ಟೆ ಅಂದರೆ, ಅಲ್ಲಿಯ ದೊಡ್ಡ ಹಾಲ್‌ನಲ್ಲಿ ಆಳೆತ್ತರದ ಗಾಜಿನ ತೂಗುದೀಪವೊಂದಿತ್ತು. ದೋಹಾದ ಮುಶೈರಿಬ್‌ನಲ್ಲಿ ಹೋಟೆಲ್ ತೆರೆಯುತ್ತಿದ್ದವರೊಬ್ಬರು ಅದೊಂದಕ್ಕೇ ಮೂವತ್ತು ಸಾವಿರ ಕೊಡಲು ಒಪ್ಪಿದ್ದರು.

ನನ್ನ ಊರು ಬೆಳ್ತಂಗಡಿ. ಇಲ್ಲಿನ ನಜ್ಮಾದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಇಂಥದ್ದೆಲ್ಲ ಹೇಳಿಕೊಂಡರೆ ನನಗೆ ಗಿರಾಕಿ ಕಡಿಮೆಯಾಗುತ್ತಾರೆಯೇ ಹೊರತು ಹೆಚ್ಚಾಗುವುದಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ದೋಹಾದಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಸುತ್ತ ಮರಳು, ನಡುವೆ ಆ ತೋಟದ ಮನೆ. ಅದರ ಪೂರ್ವಾಪರ ಹೇಳಿದವರು ಮೋನು ಕಾಕ. ಉಪ್ಪಿನಂಗಡಿಯ ಬ್ಯಾರಿಗಳು, ಮನೆ ಕಟ್ಟಿದ ದಿನದಿಂದ ಅಲ್ಲೇ ಅಡುಗೆ, ಈಗ ಕಾವಲು.

ಅದನ್ನು ಕಟ್ಟಿಸಿದ ಅರಬ್ ಯಜಮಾನರು ಫ್ರಾನ್ಸಿನಲ್ಲಿ ಹಿಂದಿನ ರಾಜನೊಬ್ಬನ ಹಳ್ಳಿಮನೆಯ ಚಿತ್ರ ನೋಡಿ ಬಂದಿದ್ದರಂತೆ. ಅರಮನೆಯ ಗಲಾಟೆ ಸಾಕಾಗಿ ರಾಜ ಕಟ್ಟಿಸಿಕೊಂಡದ್ದು. ನಡುವೆ ದೊಡ್ಡ ಮನೆ, ಎರಡೂ ಬದಿಗೆ ಆರಾರು ಚಿಕ್ಕ ಮನೆಗಳು, ಅತಿಥಿಗಳಿಗೆ. ಇವರೂ ಹಾಗೇ ಕಟ್ಟಿಸಿದರು. ರಾಜ ಯಂತ್ರ ಇಟ್ಟು ನದಿಯ ನೀರನ್ನು ಗುಡ್ಡ ಹತ್ತಿಸಿದ. ಇವರು ಟ್ಯಾಂಕರ್ ತರಿಸಿದರು. ಚಳಿಗಾಲದಲ್ಲಿ ಹನ್ನೆರಡೂ ಮನೆ ತುಂಬುತ್ತಿದ್ದವಂತೆ. ಆಮೇಲೆ ಯಜಮಾನರು ತೀರಿಕೊಂಡರು, ಬಾವಿ ಉಪ್ಪಾಯಿತು, ಮಕ್ಕಳು ಬರುವುದು ನಿಲ್ಲಿಸಿದರು.

“ಆ ರಾಜನ ಮನೆ ಎಂತಾಯ್ತು ಕಾಕಾ?” ಕೇಳಿದೆ.

“ಹತ್ತಿ ಮಿಲ್ಲು ಮಾಡಿದ್ರಂತೆ, ಲಾಸಾಯ್ತು. ಮತ್ತೆ ಕಲ್ಲು, ಸೀಸ ಎಲ್ಲ ಬಿಚ್ಚಿ ಮಾರಿದ್ರು. ನಿಮ್ಮ ಹಾಗಿನವ್ರೇ.”

“ಅವ್ರಿಗಾದ್ರೂ ಲಾಭ ಆಯ್ತಾ?”

“ಅದು ಯಜಮಾನ್ರು ಹೇಳ್ಲಿಲ್ಲ ಮಾರಾಯ್ರೆ.”

ಬೇಸಿಗೆಯಲ್ಲಿ ಇಲ್ಲಿ ನಡುಹಗಲು ಹೊರಗೆ ಕೆಲಸ ಮಾಡಿಸುವಂತಿಲ್ಲ. ಹಾಗಾಗಿ ಸೂರ್ಯ ಮುಳುಗಿದ ಮೇಲೆ ಇಬ್ಬರು ನೇಪಾಳಿ ಕೆಲಸದವರೊಂದಿಗೆ ಶುರು ಮಾಡಿದೆ. ಬೆಳಿಗ್ಗೆ ಐದಕ್ಕೆ ಮನೆ ಕೆಡವಲು ಜೆಸಿಬಿ ಬರುವುದಿತ್ತು. ಚಿಕ್ಕ ಮನೆಗಳ ಹನ್ನೆರಡು ತೇಗದ ಬಾಗಿಲು ಬಿಚ್ಚಿ ಲಾರಿಗೆ ಹಗ್ಗ ಹಾಕಿ ಕಟ್ಟುವಷ್ಟರಲ್ಲಿ ಹನ್ನೊಂದಾಯಿತು. ದೊಡ್ಡ ಮನೆಯ ತೂಗುದೀಪ ಉಳಿದಿತ್ತು. ಮೇಲೆ ನಿಂತು ಕೆಲಸ ಮಾಡುವ ಅಟ್ಟಣಿಗೆಯ ಬಾಡಿಗೆ ಉಳಿಸಲು ಬರೀ ಏಣಿ ತಂದಿದ್ದೆ. ಬೋಲ್ಟುಗಳೆಲ್ಲ ತುಕ್ಕು ಹಿಡಿದು ಅಂಟಿಕೊಂಡಿದ್ದವು. ಒಂದು ಅಲುಗಾಡಬೇಕಾದರೆ ಅರ್ಧ ಗಂಟೆ! ನನಗೆ ಮೈಯೆಲ್ಲ ಉರಿ...

ಆಗ ವಾಸನೆ ಬಂತು.

ಊದ್, ಅರಬರು ಅತಿಥಿಗಳಿಗೆ ಹಾಕುವ ಅಗರು ಧೂಪ. ಒಳ್ಳೆಯ ಜಾತಿಯ ಊದ್ ಕೆಂಡದ ಮೇಲೆ ಹಾಕಿದ ವಾಸನೆ.

“ಸಾಕು, ಹೋಗುವ,” ಮೋನು ಕಾಕ ಪಿಸುಗುಟ್ಟಿದರು. “ಊಟ ಆಗಿ, ಕಾವಾ ಕಾಫಿ ಆಗಿ, ಊದ್ ಬಂದ್ರೆ ಮತ್ತೆ ಯಾರೂ ಕೂತ್ಕೊಳ್ಬಾರ್ದು.”

“ನೆಂಟ್ರನ್ನು ಕಳಿಸುವ ಆ ಕ್ರಮ ನಂಗೂ ಗೊತ್ತುಂಟು ಕಾಕಾ. ಹೊಗೆ ಹಾಕಿದ್ದು ಯಾರು, ಅದು ಹೇಳಿ.”

ನನಗೆ ಅನುಮಾನ ಅವರ ಮೇಲೆಯೇ. ಬೇರೆ ಯಾವನೋ ವ್ಯಾಪಾರಿ ಅವರಿಗೆ ಕಾಸು ಕೊಟ್ಟು ನನ್ನನ್ನು ಓಡಿಸಲು ನೋಡುತ್ತಿದ್ದಾನೆ ಅಂದುಕೊಂಡೆ. ಟಾರ್ಚ್ ಹಿಡಿದು ಅವರ ಕೋಣೆ, ಅಡುಗೆಮನೆ ಎಲ್ಲ ಜಾಲಾಡಿದೆ. ಒಂದು ಕೆಂಡವಿಲ್ಲ, ಒಲೆ ತಣ್ಣಗಿತ್ತು.

ವಾಪಸ್ ಹಾಲ್‌ಗೆ ಬಂದಾಗ ಹೊಗೆ ಕಾಣಿಸುತ್ತಿತ್ತು. ತೆಳ್ಳಗಿನ ಒಂದೇ ಎಳೆ, ಎದೆಯ ಎತ್ತರದಲ್ಲಿ. ಗಾಳಿಗೆ ಚದುರದೆ, ಯಾರೋ ಧೂಪದ ಪಾತ್ರೆ ಹಿಡಿದು ನಡೆಯುವ ಹಾಗೆ... ಮೊದಲನೇ ಕೆಲಸದವನ ಮುಂದೆ ನಿಂತಿತು. ಎರಡನೆಯವನ ಮುಂದೆ ನಿಂತಿತು. ಇಬ್ಬರೂ ಏಣಿ ಬಿಟ್ಟು ಹೊರಗೆ ಓಡಿದರು.

ಮೋನು ಕಾಕರ ಮುಂದೆ ಬಂತು. ಅವರು ಓಡಲಿಲ್ಲ. ಹೆಗಲ ಶಾಲಿನ ತುದಿ ಅದಕ್ಕೆ ಒಡ್ಡಿ, ಕೈಯಲ್ಲಿ ಹೊಗೆಯನ್ನು ಗಡ್ಡದತ್ತ ಬೀಸಿಕೊಂಡು, ತಲೆಬಾಗಿಸಿ ಮೆಲ್ಲನೆ ಹೊರಟುಹೋದರು. ಎಷ್ಟೋ ವರ್ಷದ ರೂಢಿಯ ಹಾಗೆ.

ಆಮೇಲೆ ನನ್ನ ಮುಂದೆ.

ನಾನೂ ಹೊರಡಬೇಕಿತ್ತು. ಆದರೆ ಇನ್ನು ಎರಡೇ ಬೋಲ್ಟ್ ಬಾಕಿ! ನಾಚಿಕೆಯಾದರೂ ಹೇಳುತ್ತೇನೆ... ನಾನು ಹೊಗೆಯ ಹತ್ತಿರ ಚೌಕಾಸಿ ಮಾಡಿದೆ.

“ಒಂದು ಗಂಟೆ ಕೊಡಿ. ಆಯ್ತು, ಅರ್ಧ ಗಂಟೆ.”

ಹೊಗೆ ಕದಲಲಿಲ್ಲ.

ಹೊರಗೆ, ಎಡಬದಿಯ ಸಾಲಿನ ತುದಿಯಲ್ಲಿ, ಒಂದು ಬಾಗಿಲು ಧಡ್ ಅಂತ ಮುಚ್ಚಿಕೊಂಡಿತು. ನಂತರ ಅದರ ಪಕ್ಕದ್ದು. ಮತ್ತೊಂದು... ಸದ್ದು ಸಾಲು ಹಿಡಿದು ಹತ್ತಿರವಾಗಿ, ನನ್ನನ್ನು ದಾಟಿ ಬಲಬದಿಗೆ ಹೋಯಿತು. ಎಣಿಸಿದೆ. ಹನ್ನೆರಡು.

ಆ ಹನ್ನೆರಡೂ ಬಾಗಿಲು ಬಿಚ್ಚಿದ್ದು ನಾನೇ. ಲಾರಿಯಲ್ಲಿ ಮಲಗಿದ್ದವು.

ಹೇಗೆ ಹೊರಗೆ ಬಿದ್ದೆನೋ ಗೊತ್ತಿಲ್ಲ. ಕೆಲಸದವರು ಲಾರಿ ಹತ್ತಿ ಗಾಜು ಏರಿಸಿ ಕೂತಿದ್ದರು. ಹಗ್ಗ ಮುಟ್ಟಿ ನೋಡಿದೆ. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು.

ದುಪ್ಪಟ್ಟು ಕೂಲಿ ಹೇಳಿದರೂ ಅವರು ಮತ್ತೆ ಇಳಿಯಲಿಲ್ಲ. ಐದಕ್ಕೆ ಜೆಸಿಬಿ ಬಂತು. ಒಂದು ಗಂಟೆ ತಡಿ ಎಂದು ಅದರ ಡ್ರೈವರನ ಕಾಲು ಹಿಡಿಯುವುದೊಂದು ಬಾಕಿ. “ಮಾಫಿ ಟೈಮ್. ಖಲಾಸ್!” ಅಂದ, ಸಮಯವಿಲ್ಲ, ಮುಗಿಯಿತು ಎಂದು. ಛಾವಣಿ ಕುಸಿಯಿತು. ಮೂವತ್ತು ಸಾವಿರದ ಗಾಜು ಪುಡಿಯಾಗುವ ಸದ್ದನ್ನು ನಿಂತು ಕೇಳಿದೆ. ತೂಗುದೀಪವಿಲ್ಲದೆ ಬಾಗಿಲು ಮಾತ್ರ ಬೇಡ ಎಂದು ಹೋಟೆಲಿನವರು ಕೈಯೆತ್ತಿದರು.

ಅವತ್ತಿನ ಸದ್ದು ಯಾವುದು ಎಂದು ಮೋನು ಕಾಕರನ್ನು ಕೇಳಿದರೆ, “ಎಲ್ಲ ಮಲಗ್ಲಿಕ್ಕೆ ಹೋದದ್ದು,” ಅನ್ನುತ್ತಾರೆ. ಯಾರೆಲ್ಲ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಹಳೇ ಮನೆಯ ಸಾಮಾನು ಕೊಳ್ಳುವವರು ಕೇಳಿ. ಎತ್ತರದಲ್ಲಿರುವುದನ್ನು ಮೊದಲು ಇಳಿಸಿ, ಬಾಗಿಲಿಗೆ ಕೊನೆಗೆ ಕೈ ಹಾಕಿ. ಅಟ್ಟಣಿಗೆಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಆ ಮನೆಯಲ್ಲಿ ದುಡಿದವರೊಬ್ಬರು ಕೊನೆಯವರೆಗೂ ಜೊತೆಗಿರಲಿ. ಅವರು ತಲೆಬಾಗಿಸಿ ಎದ್ದು ಹೊರಟರೆ, ಸ್ಪ್ಯಾನರ್ ಅಲ್ಲೇ ಬಿಟ್ಟು ನೀವೂ ಹೊರಡಿ.