ಫೋಟೋದಲ್ಲಿದ್ದವ ನನ್ನ ಅಣ್ಣ

ಪೊಲೀಸರು ಫೋಟೋ ತೋರಿಸಿದಾಗ ‘ಇವ ನನ್ನ ಅಣ್ಣ’ ಎಂದು ನಾನು ಹೇಳಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು.

ಇಡಗುಂದಿಯಲ್ಲಿ ನಮ್ಮದು ಚಾ ಅಂಗಡಿ. ನಾನು ಓದಿದ್ದು ನಾಲ್ಕನೇ ಇಯತ್ತೆ. ಹಿಂದಿ ಕಲಿತದ್ದು ಘಟ್ಟ ಹತ್ತಿ ಬರುವ ಲಾರಿಯವರಿಂದ. ಅಣ್ಣ ಗಡಿಯಾಚೆ ಗೂಢಚಾರ ಕೆಲಸಕ್ಕೆ ಹೋಗುವಾಗ ನನಗೊಬ್ಬಳಿಗೇ ಹೇಳಿದ್ದ, “ಯಾರೇ ಕೇಳಲಿ, ಎಂತದೂ ಗೊತ್ತಿಲ್ಲೆ ಹೇಳು.”

ತೊಂಬತ್ತರ ದಶಕದ ನಡುವೆ ಆ ಪೊಲೀಸರು ಬಂದರು. ಅಣ್ಣ ಆಚೆಯ ಜೈಲಿನಲ್ಲಿದ್ದಾನೆ, ಶಿಕ್ಷೆ ಮುಗಿದಿದೆ, ಮನೆಯವರು ಗುರುತು ಹೇಳಿದರೆ ಬಿಡುತ್ತಾರೆ ಎಂದು ಬಿಡಿಸಿ ಹೇಳಿದರು. ಮರುದಿನ ಸಿದ್ದಾಪುರದಿಂದ ಮಗಳನ್ನು ನೋಡಲು ಬರುವವರಿದ್ದರು. ಜೈಲಿನ ಸುದ್ದಿ ಅವರ ಕಿವಿಗೆ ಬಿದ್ದರೆ? “ಇವ ಯಾರೋ ಗೊತ್ತಿಲ್ಲ” ಎಂದೆ. ಬರೆದುಕೊಂಡರು. ಸಹಿ ಹಾಕಿದೆ.

ಅಣ್ಣ ಬಂದದ್ದು ಏಳು ವರ್ಷದ ಮೇಲೆ, ಶಿರಸಿಯಲ್ಲಿ ಅವನಿಗೆ ಕಲಿಸಿದ ಮಾಸ್ತರರು ಗುರುತು ಹೇಳಿದ ನಂತರ. ಬಾಯಲ್ಲಿ ಹಲ್ಲಿರಲಿಲ್ಲ. ನಾನು ಸಹಿ ಹಾಕಿದ ಕಾಗದ ಅವನಿಗೆ ತೋರಿಸಿದ್ದರಂತೆ. ಆದರೂ ನನ್ನನ್ನು ಏನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಫೋನಿಗೆ ಆಚೆಯ ದೇಶದಿಂದ ಕರೆ ಬಂತು. ಅಣ್ಣನನ್ನು ಹಿಡಿದ ಅಧಿಕಾರಿಯೇ ಹಿಂದಿಯಲ್ಲಿ ಮಾತಾಡುತ್ತಿದ್ದ. ಅವನೂ ಒಂದು ಕಾಲದಲ್ಲಿ ನಮ್ಮ ದೇಶಕ್ಕೆ ಗೂಢಚಾರನಾಗಿ ಬಂದು ಸಿಕ್ಕಿಬಿದ್ದವನಂತೆ. ಅಣ್ಣನಿಗೆ ಕಿವಿ ಮಂದ, ಸ್ಪೀಕರ್ ಹಾಕಿದ್ದ.

“ಮಂಡಿ ನೋವು ಹೇಗಿದೆ ಭಾಯಿ?”

“ನೀವು ಕೊಟ್ಟದ್ದಲ್ಲವೇ, ಗಟ್ಟಿಯಾಗಿದೆ.”

ಇಬ್ಬರೂ ನಕ್ಕರು. ನನ್ನ ಕೈಯ ಲೋಟ ಕೈಯಲ್ಲೇ ಉಳಿಯಿತು. ಹೊಡೆದವನ ಜೊತೆ ನಗುವುದೇ?

“ನಾವು ಜೀವ ಒತ್ತೆಯಿಟ್ಟು ತಂದ ಸುದ್ದಿಯಲ್ಲಿ ಅರ್ಧ ಪೇಪರಿನಲ್ಲೇ ಬಂದಿರುತ್ತಿತ್ತು,” ಎಂದ ಆಚೆಯವ. “ಸಿಕ್ಕಿಬಿದ್ದಾಗ ನಮ್ಮ ಕಚೇರಿ ನನ್ನನ್ನು ನಮ್ಮವನಲ್ಲ ಎಂದಿತು.”

“ನಮ್ಮದೂ ಅದನ್ನೇ ಹೇಳಿತು. ಆದರೆ ನಮ್ಮಿಬ್ಬರಿಗಿಂತ ಗಟ್ಟಿ ನನ್ನ ತಂಗಿ,” ಎಂದ ಅಣ್ಣ. “ನೀವು ಹೊಡೆದಾಗ ನಾನು ಬಾಯಿ ಬಿಟ್ಟೆ. ಪೊಲೀಸರು ಫೋಟೋ ಮುಂದೆ ಹಿಡಿದರೂ ಅವಳು ಬಿಡಲಿಲ್ಲ. ನನಗೆ ಕೊಟ್ಟ ಮಾತು ಉಳಿಸಿದಳು.”

“ಅವರಿಗೆ ನನ್ನ ಸಲಾಂ ಹೇಳಿ.”

ಏಳು ವರ್ಷ ಹೆಚ್ಚಿಗೆ ಕೊಳೆಸಿದ ನನ್ನ ಸುಳ್ಳನ್ನು ಅವನು ನಿಷ್ಠೆ ಎಂದುಕೊಂಡಿದ್ದ. ಸುಮ್ಮನಿದ್ದರೆ ಸಾಯುವ ತನಕ ಹಾಗೇ ತಿಳಿದುಕೊಂಡಿರುತ್ತಿದ್ದ.

ಅವನು ಫೋನು ಇಟ್ಟ. ನಾನು ಲೋಟ ಕೆಳಗಿಟ್ಟೆ.

“ಅಣ್ಣಾ, ನಿನ್ನ ಮಾತಿಗಾಗಿ ಅಲ್ಲ. ಮಗಳ ಸಂಬಂಧ ತಪ್ಪುತ್ತು ಹೇಳಿ ನಾನೇ ಹೆದರಿ ಸುಳ್ಳು ಹೇಳಿದಿ. ಫೋಟೋದಲ್ಲಿದ್ದವ ನೀನೇ ಹೇಳಿ ಗೊತ್ತಿತ್ತು. ತಪ್ಪಾತು. ಎನ್ನ ಕ್ಷಮಿಸು.”