ಖಾಲಿ ಬೈಕಿಗೆ ಬಿಗಿದ ಚೈನು

ಬೀನ್ಸು ಮುರಿದಾಗ ಟಕ್ ಅನ್ನದಿದ್ದರೆ ಅಪ್ಪಯ್ಯನ ಮಟ್ಟಿಗೆ ಅದು ಬೀನ್ಸೇ ಅಲ್ಲ. ಕುಂದಾಪುರದ ಕಡೆಯಿಂದ ಬಂದು, ಯಾರ‍್ಯಾರದೋ ಹೋಟೆಲುಗಳಲ್ಲಿ ದುಡಿದು, ಕೊನೆಗೆ ತ್ರಿಪ್ಲಿಕೇನಿನ ಲಾಡ್ಜುಗಳ ನಡುವೆ ಒಂದು ಸಣ್ಣ ಮೆಸ್ಸು ಮಾಡಿಕೊಂಡವರು ಅವರು. ಬೆಳಗಿನ ಜಾವ ತಮ್ಮ ಹಳೆಯ ಬೈಕಿನಲ್ಲಿ ಕೋಯಂಬೇಡಿನ ದೊಡ್ಡ ತರಕಾರಿ ಮಾರ್ಕೆಟ್ಟಿಗೆ ಹೋಗಿ, ತಾವೇ ಮುಟ್ಟಿ ನೋಡಿ ತರಕಾರಿ ತರಬೇಕು. ಬೇರೆ ಯಾರು ತಂದರೂ ಅದರಲ್ಲಿ ಒಂದು ಕೊಂಕು.

ಹೀಗಿರುವಾಗ ಒಂದು ದಿನ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಅವರ ಬಲಭುಜ ಕಳಚಿಕೊಂಡಿತು. ಡಾಕ್ಟರು ಕೈಯನ್ನು ಜೋಲಿಯಲ್ಲಿ ಕಟ್ಟಿ, ಸದ್ಯಕ್ಕೆ ಬೈಕು ಓಡಿಸುವ ಹಾಗಿಲ್ಲ ಎಂದರು. ಹತ್ತಿರದ ಜಾಂಬಜಾರಿನಿಂದ ತರಕಾರಿ ಬರತೊಡಗಿತು. ಅಪ್ಪಯ್ಯ ಎಡಗೈಯಲ್ಲಿ ಕೊತ್ತಂಬರಿ ಕಟ್ಟನ್ನು ಎತ್ತಿ ನೋಡಿ, ಮನೆಯಲ್ಲಿ ಸಾವಾದವರ ಹಾಗೆ ಮುಖ ಮಾಡುತ್ತಿದ್ದರು. ಹೀಗೆ ನಡೆಸುವುದಕ್ಕಿಂತ ಮೆಸ್ಸು ಮುಚ್ಚುವುದೇ ಮೇಲು ಎಂಬ ಮಾತೂ ಅವರ ಬಾಯಲ್ಲಿ ಬರತೊಡಗಿತು.

ನಾನು ಆಗಷ್ಟೇ ಬಿ.ಕಾಂ. ಮುಗಿಸಿದ್ದೆ. ಮಗಳು ಬ್ಯಾಂಕ್ ಪರೀಕ್ಷೆ ಕಟ್ಟಿ, ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬೇಕು ಎಂದು ಅಪ್ಪಯ್ಯನ ಆಸೆ. ನನಗೋ ಮೆಸ್ಸು ಬೇಕಿತ್ತು. ಬೆಳಿಗ್ಗೆ ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿನ ಗಡಿಬಿಡಿ, ಇನ್ನೊಂದು ಸೌಟು ಸಾಂಬಾರಿಗೆ ಕೈ ಎತ್ತುವ ಲಾಡ್ಜಿನ ಹುಡುಗರು, ಇದೆಲ್ಲ ನನ್ನದೇ ಎಂದು ನಾನು ಚಿಕ್ಕಂದಿನಿಂದ ಒಳಗೊಳಗೇ ಗಟ್ಟಿಮಾಡಿಕೊಂಡಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ, ಅಷ್ಟೇ.

ಬೈಕು ಓಡಿಸುವುದನ್ನು ಮರೀನಾದ ಪಕ್ಕದ ರಸ್ತೆಯಲ್ಲಿ ತಮಾಷೆಗೆಂದು ನನಗೆ ಕಲಿಸಿದ್ದವರು ಅಪ್ಪಯ್ಯನೇ. ಆ ಧೈರ್ಯದಲ್ಲಿ ಒಂದು ದಿನ, "ಕೋಯಂಬೇಡಿಗೆ ನಾ ಹೋತೆ" ಎಂದುಬಿಟ್ಟೆ.

"ಓಡ್ಸುಕೆ ಯಾರಿಗೂ ಬತ್ತ್ ಮಗಾ. ದಾರಿ ಮಧ್ಯ ಚೈನ್ ಕಳಚ್ರೆ ಎಂತ ಮಾಡ್ತೆ? ಮೂಟೆ ಹೊತ್ಕಂಡ್ ಬತ್ಯಾ?"

ಅವರ ಮಾತಿನಲ್ಲಿ ಹುರುಳಿತ್ತು. ಬೈಕಿನ ಮುಂದಿನ ಸ್ಪ್ರಾಕೆಟ್, ಅಂದರೆ ಎಂಜಿನ್ ಪಕ್ಕದಲ್ಲಿ ಚೈನು ಸುತ್ತುವ ಆ ಸಣ್ಣ ಹಲ್ಲಿನ ಚಕ್ರ, ಸವೆದುಹೋಗಿತ್ತು. ಚೈನು ಅದರ ಮೇಲೆ ಹಾರಿ ಹಾರಿ ಬೀಳುತ್ತಿತ್ತು.

"ಹಾಂಗಾರೆ ಆ ಸ್ಪ್ರಾಕೆಟ್ ನೀನೇ ಬದ್ಲ್ ಮಾಡಿ, ಚೈನ್ ನೀನೇ ಬಿಗಿ. ಮೂಟೆ ಹಾಕಿ ಕೋಯಂಬೇಡಿಂದ ಇಲ್ಲಿವರೆಗೆ ಬಪ್ಪ. ಸರಿ ಬಂದ್ರೆ ಮಾರ್ಕೆಟ್ ಕೆಲ್ಸ ನಿಂದೇ. ಇಲ್ದಿದ್ರೆ ಬ್ಯಾಂಕ್ ಪುಸ್ತಕ ತೆಗಿ" ಎಂದರು ಅಪ್ಪಯ್ಯ.

"ಕಂಡಿಪ್ಪಾ ಮಾಡ್ತೆ!" ಎಂದೆ, ಖಂಡಿತ ಎನ್ನುವ ಬದಲು. ಹಠ ಬಂದರೆ ನನ್ನ ಬಾಯಿಗೆ ತಮಿಳೇ ಮೊದಲು ಬರುವುದು.

ಬೈಕಿನ ಬಿಡಿಭಾಗಗಳ ಅಂಗಡಿಗಳಿರುವ ಪುದುಪೇಟೆಯಿಂದ ಹೊಸ ಸ್ಪ್ರಾಕೆಟ್ ತಂದೆ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ, ಸಂಜೆಯ ತಿಂಡಿ ಶುರುವಾಗುವ ಮೊದಲು, ಹಿತ್ತಲಿನಲ್ಲಿ ಕೆಲಸಕ್ಕೆ ಕೂತೆ. ಅಪ್ಪಯ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಯಲ್ಲೇ ರಿಪೇರಿ ನಡೆಸಿದರು. ಗೇರ್ ಪೆಡಲ್ ಬಿಚ್ಚಿ, ಅದರ ಹಿಂದಿನ ಮುಚ್ಚಳ ತೆಗೆದರೆ ಒಳಗೆ ಬರೀ ಕಪ್ಪು ಗ್ರೀಸು, ಮರಳು. ಒರೆಸಿ ನೋಡಿದೆ. ಹಲ್ಲುಗಳೆಲ್ಲ ಒಂದೇ ಕಡೆಗೆ ಬಾಗಿ ಗರಗಸದ ಹಾಗೆ ಚೂಪಾಗಿದ್ದವು. ಅದನ್ನು ಹಿಡಿದಿದ್ದ ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಸ್ಪ್ಯಾನರ್ ತಿರುಗಿಸಿದರೆ ಚಕ್ರವೂ ಜೊತೆಗೇ ತಿರುಗುತ್ತಿತ್ತು. ಕೊನೆಗೆ ಬೈಕನ್ನು ಗೇರಿಗೆ ಹಾಕಿ, ಅಮ್ಮನನ್ನು ಕರೆದು ಸೀಟಿನ ಮೇಲೆ ಕೂರಿಸಿ, ಹಿಂದಿನ ಬ್ರೇಕನ್ನು ಕಾಲಿನಿಂದ ಒತ್ತಿ ಹಿಡಿಯಲು ಹೇಳಿದೆ.

"ಬ್ಯಾಂಕಲ್ಲಿ ಇಷ್ಟ್ ಮಸಿ ಇರುದಿಲ್ಲ ಕಾಣ್" ಎನ್ನುತ್ತಲೇ ಅಮ್ಮ ಸೆರಗು ಸಿಕ್ಕಿಸಿ ಹತ್ತಿ ಕೂತಳು. ಆದರೆ ಒತ್ತಿದ್ದು ಭದ್ರವಾಗಿಯೇ. ಬೋಲ್ಟು ಕಿರ್ರೆಂದು ಸಡಿಲವಾದಾಗ ನನಗಿಂತ ದೊಡ್ಡ ಉದ್ಗಾರ ಅವಳದೇ.

ಚೈನಿನ ಎರಡು ತುದಿಗಳನ್ನು ಸೇರಿಸುವ ಲಾಕ್ ತೆಗೆದು, ಹೊಸ ಸ್ಪ್ರಾಕೆಟ್ ಕೂರಿಸಿ, ಚೈನು ಸುತ್ತಿ, ಲಾಕಿನ ತೆರೆದ ಬಾಯಿ ಹಿಂದಕ್ಕೆ ಬರುವಂತೆ ಹಾಕಿದೆ. ಅಷ್ಟರಲ್ಲಿ ಅಮ್ಮ ಚಟ್ನಿ ರುಬ್ಬಲು ಒಳಗೆ ಓಡಿದ್ದಳು. ಬೈಕನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಹಿಂದಿನ ಚಕ್ರವನ್ನು ಎರಡೂ ಕಡೆ ಸಮವಾಗಿ ಹಿಂದಕ್ಕೆ ಎಳೆದು ಚೈನು ಬಿಗಿದೆ.

"ಒಂದ್ ಬೆರಳ್ ಎತ್ತುವಷ್ಟ್ ಸಡಿಲ ಇರ್ಲಿ. ಹೆಚ್ಚ್ ಬೇಡ" ಎಂದರು ಅಪ್ಪಯ್ಯ. ಎದ್ದು ಬಂದು ಎಡಗೈ ಬೆರಳಿನಿಂದ ಚೈನನ್ನು ಎತ್ತಿ ನೋಡಿ ತಲೆಯಾಡಿಸಿದರು. ನನಗೆ ನೆಲದ ಮೇಲೆ ಕಾಲೂರುವುದೇ ಕಷ್ಟವಾಯಿತು, ಅಷ್ಟು ಖುಷಿ.

ಮರುದಿನ ಅಪ್ಪಯ್ಯನನ್ನು ಹಿಂದೆ ಕೂರಿಸಿಕೊಂಡು ಕೋಯಂಬೇಡಿಗೆ ಹೋದೆ. ಹೋಗುವಾಗ ಬೈಕು ಬೆಣ್ಣೆಯಂತೆ ಓಡಿತು. ಮಾರ್ಕೆಟ್ಟಿನಲ್ಲಿ ಎರಡೂ ಬದಿಗೆ ಮೂಟೆ ಕಟ್ಟಿ, ಟ್ಯಾಂಕಿನ ಮೇಲೆ ಸೊಪ್ಪಿನ ಗಂಟು ಇಟ್ಟುಕೊಂಡು, ಅಪ್ಪಯ್ಯನನ್ನೂ ಹತ್ತಿಸಿಕೊಂಡು ಹೊರಟೆ ನೋಡಿ, ಬೈಕಿನ ಗುಣವೇ ಬದಲಾಯಿತು. ಕುಂಯ್ ಎಂದು ನರಳುತ್ತದೆ, ಮುಂದೆ ಹೋಗಲು ಒಲ್ಲೆನೆನ್ನುತ್ತದೆ. ಅಮಿಂಜಿಕರೈ ಹತ್ತಿರ ಒಂದು ಹೊಂಡಕ್ಕೆ ಇಳಿದಾಗ ಕೆಳಗಿನಿಂದ ಕಟಕ್ಕೆಂದು ಸದ್ದು ಬಂತು. ಬದಿಗೆ ನಿಲ್ಲಿಸಿದೆ. ಚೈನು ತಂಬೂರಿಯ ತಂತಿಯಂತೆ ಬಿಗಿದು ನಿಂತಿತ್ತು.

"ಸಾಕ್ ಮಗಾ" ಎಂದರು ಅಪ್ಪಯ್ಯ. ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. "ಇದ್ ಆಪುದಲ್ಲ. ಒಂದ್ ಆಟೋ ಹಿಡಿ."

ಮೆಸ್ಸು ಕೈ ತಪ್ಪಿತು ಎಂದೇ ಅನಿಸಿತು. ಆದರೂ ಮನಸ್ಸು ಒಪ್ಪಲಿಲ್ಲ. ಬೆರಳಿಟ್ಟು ಅಳೆದದ್ದು ನಾನೊಬ್ಬಳೇ ಅಲ್ಲವಲ್ಲ! ನಿನ್ನೆ ಸರಿಯಾಗಿದ್ದ ಚೈನು ಇವತ್ತು ಹೇಗೆ ಬಿಗಿಯಿತು? ನಿನ್ನೆಗೂ ಇವತ್ತಿಗೂ ಬೇರೆಯಾದದ್ದು ಏನು? ಮೂಟೆಗಳ ಭಾರಕ್ಕೆ ಕುಗ್ಗಿ ಕೂತಿದ್ದ ಹಿಂಭಾಗವನ್ನೇ ನೋಡುತ್ತ ನಿಂತೆ.

"ಅಪ್ಪಯ್ಯ, ನೀವ್ ಯಾವಾಗ್ಲೂ ಚೈನ್ ಎಲ್ಲಿ ಬಿಗಿತಿದ್ರಿ?"

"ಮಾರ್ಕೆಟಲ್ಲೇ. ಚಾ ಕುಡಿದ್ ಹೊರಡುವತಿಗೆ."

"ಮೂಟೆ ಹಾಕಿ ಆದ್ಮೇಲೆ?"

"ಹೌದ್, ಹಾಕಿ ಆದ್ಮೇಲೆ..." ಅಪ್ಪಯ್ಯ ಆ ರಸ್ತೆಬದಿಯಲ್ಲಿ ಜೋಲಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಗತೊಡಗಿದರು. ಅಷ್ಟು ವರ್ಷ ಅವರ ಬೆರಳು ಅಳೆದದ್ದು ಭಾರ ಹೊತ್ತು ಕುಗ್ಗಿದ ಬೈಕಿನ ಚೈನನ್ನು. ಅದೇ ಬೆರಳನ್ನು ಅಪ್ಪ ಮಗಳು ಸೇರಿ ಖಾಲಿ ಬೈಕಿಗೆ ಹಿಡಿದಿದ್ದೆವು. ಹಿಂಭಾಗ ಕುಗ್ಗಿದಾಗ ಚೈನು ಎಳೆದುಕೊಳ್ಳುತ್ತದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

"ಕೂತ್ಕಣಿ" ಎಂದೆ. ಅವರು ಸೀಟಿನ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ಊರಿದರು, ಮೂಟೆಗಳ ಜೊತೆ ಇನ್ನೊಂದು ಮೂಟೆಯಾಗಿ. ನಾನು ಮಣ್ಣಿನಲ್ಲೇ ಕೂತು, ಬೈಕಿನಲ್ಲೇ ಇರುತ್ತಿದ್ದ ಸ್ಪ್ಯಾನರಿನಿಂದ ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನು ಕಾಲಿನಿಂದ ಮುಂದಕ್ಕೆ ಒದ್ದು, ಚೈನು ಒಂದು ಬೆರಳು ಎತ್ತುವವರೆಗೆ ಬಿಟ್ಟೆ. ನಟ್ಟು ಮತ್ತೆ ಬಿಗಿದೆ. ಅಲ್ಲಿಂದ ತ್ರಿಪ್ಲಿಕೇನಿನವರೆಗೆ ಬೈಕು ಚಕಾರ ಎತ್ತಲಿಲ್ಲ. ಅಪ್ಪಯ್ಯನೂ ಎತ್ತಲಿಲ್ಲ. ಆ ದಿನವಿಡೀ ಎಡಗೈಯಲ್ಲೇ ಬೀನ್ಸು ಮುರಿದುಕೊಂಡು ಕೂತಿದ್ದರೇ ಹೊರತು, ಮಾರ್ಕೆಟ್ಟು ನನ್ನದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಕೇಳಲು ನನಗೂ ಭಯ.

ಮಾರನೆಯ ಬೆಳಗಿನ ಜಾವ ತಯಾರಾಗಿ ಅವರನ್ನು ಎಬ್ಬಿಸಲು ಹೋದೆ. ಅಪ್ಪಯ್ಯ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದರು. ಅಮ್ಮ ಬಾಗಿಲಲ್ಲೇ ತಡೆದಳು. "ಎಬ್ಬಿಸ್ಬೇಡ. ಮಾರ್ಕೆಟಿಗೆ ನೀನೇ ಹೋತೆ ಅಂದ್ ನಿನ್ನೆಯೇ ಹೇಳಿ ಮಲ್ಗಿದ್ರ್."

ಮೆಸ್ಸು ಶುರುವಾದಂದಿನಿಂದ ಆ ಹೊತ್ತಿನಲ್ಲಿ ಅಪ್ಪಯ್ಯ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. ಅವರಿಗೆ ಎಚ್ಚರವಾಗದಿರಲಿ ಎಂದು ಬೈಕನ್ನು ದೊಡ್ಡ ರಸ್ತೆಯವರೆಗೆ ತಳ್ಳಿಕೊಂಡೇ ಹೋಗಿ, ಅಲ್ಲಿ ಕಿಕ್ ಹೊಡೆದೆ.